ಬಿಸಿಲು ಬಾರದ ಬೇಸಿಗೆಯಲ್ಲಿ ಕೈತೋಟದ ನಿರ್ವಹಣೆ

ಬೇಸಿಗೆ ಎಂಬ ಮಾತು ಕನ್ನಡದಲ್ಲಿ ಉರಿಬಿಸಿಲನ್ನೇ ನೆನಪಿಸುತ್ತದೆಯಾದರೂ, ಚಳಿಗಾಲದಲ್ಲಿ ಹಿಮ ಬೀಳುವ ಸಮಶೀತೋಷ್ಣ ಪ್ರದೇಶಗಳಲ್ಲಿ ತೋಟ ಹೂಬಿಟ್ಟು ಕಾಯಿ ಕಟ್ಟುವುದು ಬೇಸಿಗೆಯಲ್ಲಿಯೇ. ಅಲ್ಲಿ ಬೇಸಿಗೆ ಕೈಕೊಟ್ಟಿತೆಂದರೆ ಮೋಡ, ಜಿನುಗುಮಳೆ ಮತ್ತು ತಂಪು ವಾರಗಟ್ಟಲೆ ಬಿಡದೆ ಹಿಡಿದವು ಎಂದು ತಿಳಿಯಬೇಕು. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಅಗ್ನಿಪರ್ವತ ಸಿಡಿದುದರ ಪರಿಣಾಮವಾಗಿ 1816 ‘ಬೇಸಿಗೆಯಿಲ್ಲದ ವರ್ಷ’ ಎಂದೇ ಹೆಸರಾಯಿತು. ಅಷ್ಟು ಘೋರವಲ್ಲದಿದ್ದರೂ ತೋಟಗಾರನ ಲೆಕ್ಕಾಚಾರವನ್ನು ತಲೆಕೆಳಗು ಮಾಡುವ ಬೇಸಿಗೆಗಳು ಆಗಾಗ ಬರುತ್ತಲೇ ಇರುತ್ತವೆ.

ಇಂಥ ವರ್ಷದಲ್ಲಿ ಸೊರಗಿದ ಗಿಡವನ್ನು ಕಂಡೊಡನೆ ಕೈ ಗೊಬ್ಬರದ ಚೀಲದ ಕಡೆಗೋ ಔಷಧದ ಡಬ್ಬಿಯ ಕಡೆಗೋ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡೂ ಅವಸರದ ಕೆಲಸಗಳೇ. ಕುಂಬಳದ ಹೀಚು ಉದುರುವುದಕ್ಕೂ ಗೂಡಿನಲ್ಲಿರುವ ಹಕ್ಕಿಮರಿ ಹಸಿದು ಸಾಯುವುದಕ್ಕೂ ಅನೇಕ ವೇಳೆ ಕಾರಣ ಒಂದೇ: ತಂಪಿನಿಂದಾಗಿ ಕೀಟಗಳು ಹಾರುತ್ತಿಲ್ಲ. ಆದ್ದರಿಂದ ಕೀಟಗಳಿಗೆ ಅನುಕೂಲವಾಗುವ ಕೆಲಸವೆಲ್ಲ ತೋಟಕ್ಕೂ ಸುತ್ತಲಿನ ಜೀವಿಗಳಿಗೂ ಒಟ್ಟಿಗೇ ಒದಗುತ್ತದೆ.

ಮೊದಲು ಮಣ್ಣನ್ನು ಪರೀಕ್ಷಿಸಬೇಕು. ಗಿಡದ ಬುಡದಿಂದ ತುಸು ದೂರದಲ್ಲಿ ಒಂದು ಗೇಣು ಆಳಕ್ಕೆ ಅಗೆದು ಮಣ್ಣನ್ನು ಮೂಸಿ ನೋಡಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ, ನೀರು ನಿಂತು ಬೇರಿಗೆ ಗಾಳಿಯಾಡುತ್ತಿಲ್ಲವೆಂದು ಅರ್ಥ. ಮಳೆ ಗಿಡಕ್ಕೆ ಸಾರಜನಕ ಒದಗಿಸುವ ನೈಟ್ರೇಟನ್ನು ಕೊಚ್ಚಿಕೊಂಡು ಹೋಗುವುದರಿಂದ ಬುಡದ ಎಲೆಗಳು ಹಳದಿಯಾಗುವುದು ನಿಜ. ಆದರೆ ಉಸಿರುಕಟ್ಟಿದ ಬೇರು ಹಾಕಿದ ಗೊಬ್ಬರವನ್ನು ಹೀರಿಕೊಳ್ಳಲಾರದು. ಪಾತಿಯ ಅಂಚಿನಲ್ಲಿ ಸಣ್ಣ ಬಸಿಗಾಲುವೆ ತೆಗೆದು ನೀರನ್ನು ಹೊರಕ್ಕೆ ಬಿಟ್ಟು, ಮಣ್ಣು ಆರಿದ ಮೇಲೆ ತೆಳುವಾದ ದ್ರವಗೊಬ್ಬರವನ್ನು ಕೊಟ್ಟರೆ ಸಾಕು. ಒದ್ದೆ ಪಾತಿಯನ್ನು ತುಳಿಯಬಾರದು. ಅನಿವಾರ್ಯವಾದರೆ ಹಲಗೆ ಹಾಸಿ ಅದರ ಮೇಲೆ ನಿಲ್ಲಬೇಕು. ಒಣಬೇಸಿಗೆಯಲ್ಲಿ ವರವಾಗುವ ಹುಲ್ಲುಹೊದಿಕೆ ಇಲ್ಲಿ ಮಣ್ಣನ್ನು ಇನ್ನಷ್ಟು ತಣ್ಣಗಿಡುತ್ತದೆಯಾದ್ದರಿಂದ ಅದನ್ನು ಬುಡದಿಂದ ಸರಿಸಿಡುವುದು ಮೇಲು.

ಪರಾಗಸ್ಪರ್ಶದ ವಿಷಯಕ್ಕೆ ಹೆಚ್ಚು ಗಮನ ಬೇಕು. ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಜೇನ್ನೊಣಗಳು ಗೂಡು ಬಿಟ್ಟು ಹೊರಡುವುದು ಅಪರೂಪ, ಮಳೆಯಲ್ಲಂತೂ ಅವು ಹೊರಬರುವುದೇ ಇಲ್ಲ. ರೋಮ ತುಂಬಿದ ದುಂಬಿಗಳು ಹಾರಾಟದ ಸ್ನಾಯುಗಳನ್ನು ನಡುಗಿಸಿ ಮೈ ಕಾಯಿಸಿಕೊಳ್ಳಬಲ್ಲವಾದ್ದರಿಂದ ತಂಪಿನಲ್ಲೂ ಕೆಲಸ ಮಾಡುತ್ತವೆ. ಅವುಗಳಿಗೂ ಸಮಯ ಸಿಗದ ದಿನಗಳಲ್ಲಿ ಹೆಬ್ಬೆರಳಿನಷ್ಟು ಬೆಳೆದ ಕುಂಬಳದ ಹೀಚು ತುದಿಯಿಂದ ಹಳದಿಗಟ್ಟಿ, ಮೆತ್ತಗಾಗಿ, ಮುಟ್ಟಿದರೆ ಕಳಚಿ ಬೀಳುತ್ತದೆ. ಇದನ್ನು ರೋಗವೆಂದು ತಿಳಿದು ಔಷಧ ಹೊಡೆಯುವವರಿದ್ದಾರೆ. ಆಗ ಅಳಿದುಳಿದ ಕೀಟಗಳೂ ಹೋಗುತ್ತವೆ.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲೇ ಇದೆ. ಬೆಳಿಗ್ಗೆ ಹೂ ಅರಳಿದ ಕೂಡಲೇ ಸಪೂರ ತೊಟ್ಟಿನ ಗಂಡುಹೂವೊಂದನ್ನು ಕಿತ್ತು, ದಳಗಳನ್ನು ಬಿಡಿಸಿ ಹಾಕಿ, ಪರಾಗ ಹೊತ್ತ ನಡುವಿನ ಕಡ್ಡಿಯನ್ನು ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣುಹೂವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿದುಕೊಳ್ಳುವ ನಡುವಿನ ಅಂಟು ತುದಿಗೆ, ಮೃದುವಾಗಿ ಸವರಬೇಕು. ಬೆರಳಿಗೆ ಹಳದಿ ಪುಡಿ ಒಣಗಿದಂತೆ ಅಂಟಿದರೆ ಪರಾಗ ಚೆನ್ನಾಗಿದೆ. ಮಳೆಯಲ್ಲಿ ತೊಯ್ದು ಮುದ್ದೆಗಟ್ಟಿದ್ದರೆ ಬೇರೆ ಹೂವನ್ನು ಹುಡುಕಬೇಕು. ಟೊಮೆಟೊ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಒಂದೇ ಕಡೆ ಇರುವುದರಿಂದ ಗೊಂಚಲನ್ನು ನಡುಹಗಲಲ್ಲಿ ಬೆರಳಿನಿಂದ ತಟ್ಟಿದರೂ ಸಾಕಾಗುತ್ತದೆ. ವಿದ್ಯುತ್ ಹಲ್ಲುಜ್ಜುವ ಬ್ರಷ್ಷಿನ ಹಿಂಬದಿಯನ್ನು ಗೊಂಚಲಿನ ತೊಟ್ಟಿಗೆ ತಾಗಿಸಿದರೆ, ನೋಡುವವರಿಗೆ ವಿಚಿತ್ರವೆನಿಸಿದರೂ, ದುಂಬಿಯ ಕಂಪನವನ್ನೇ ಅದು ಅನುಕರಿಸುತ್ತದೆ. ಆದರೆ ರಾತ್ರಿಯ ಉಷ್ಣಾಂಶ ಸುಮಾರು 13 ಡಿಗ್ರಿಗಿಂತ ಕೆಳಗೇ ಉಳಿದರೆ ಎಷ್ಟು ತಟ್ಟಿದರೂ ಟೊಮೆಟೊ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಸೊಪ್ಪು, ಬಟಾಣಿ, ಎಲೆಕೋಸುಗಳಿಗೆ ಮಾತ್ರ ಇಂಥ ಬೇಸಿಗೆ ಹಿತವೇ. ಖಾಲಿಯಾದ ಪಾತಿಯಲ್ಲಿ ಅವನ್ನೇ ಬಿತ್ತುವುದು ಜಾಣತನ.

ಆಲೂಗಡ್ಡೆ ಮತ್ತು ಟೊಮೆಟೊ ಬೆಳೆದವರು ಅಂಗಮಾರಿ ರೋಗದ ಮೇಲೆ ಕಣ್ಣಿಡಬೇಕು. ಸತತ ಎರಡು ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯದೆ, ಪ್ರತಿದಿನವೂ ಕನಿಷ್ಠ 6 ತಾಸು ಗಾಳಿಯ ತೇವಾಂಶ ಶೇ. 90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೋಗ ಹರಡಲು ಅನುಕೂಲವೆಂಬುದು ಬಳಕೆಯಲ್ಲಿರುವ ಮುನ್ಸೂಚನೆಯ ಅಳತೆ. ಎಲೆಯ ಮೇಲೆ ಕಂದು ಮಚ್ಚೆಯೂ ಅದರ ಅಡಿಯಲ್ಲಿ ಬಿಳಿ ಬೂಷ್ಟಿನ ಅಂಚೂ ಕಂಡುಬಂದರೆ, ಆಲೂಗಡ್ಡೆಯ ಹಸಿರು ಭಾಗವನ್ನೆಲ್ಲ ಕತ್ತರಿಸಿ ತೋಟದಿಂದ ಹೊರಗೆ ಸಾಗಿಸಿ, ಗೆಡ್ಡೆಗಳನ್ನು ಎರಡು ವಾರವಾದರೂ ಮಣ್ಣಿನಲ್ಲೇ ಬಿಟ್ಟು ಸಿಪ್ಪೆ ಬಲಿತ ಮೇಲೆ ಅಗೆಯಬೇಕು. ಟೊಮೆಟೊದ ಕೆಳಗಿನ ಎಲೆಗಳನ್ನು ಮೊದಲೇ ಕತ್ತರಿಸಿ ಗಾಳಿಯಾಡುವಂತೆ ಮಾಡಿದರೆ ಅಪಾಯ ಕಡಿಮೆಯಾಗುತ್ತದೆ.

ಚಿಪ್ಪಿಲ್ಲದ ಬಸವನಹುಳುಗಳಿಗಂತೂ ಇದು ಸುಗ್ಗಿ. ಮೆಟಾಲ್ಡಿಹೈಡ್ ಇರುವ ವಿಷದ ಗುಳಿಗೆಗಳು ನಾಯಿ, ಹಕ್ಕಿ ಮತ್ತಿತರ ಪ್ರಾಣಿಗಳಿಗೂ ಮಾರಕವಾದ್ದರಿಂದ ಅವನ್ನು ಬಳಸದಿರುವುದೇ ಒಳ್ಳೆಯದು. ಸಂಜೆ ಒದ್ದೆ ಹಲಗೆಯೊಂದನ್ನು ಪಾತಿಯ ಬಳಿ ಇಟ್ಟು ಬೆಳಿಗ್ಗೆ ಮಗುಚಿದರೆ ಅಡಿಯಲ್ಲಿ ಸೇರಿಕೊಂಡವನ್ನು ಕೈಯಿಂದಲೇ ಆರಿಸಬಹುದು. ಅವನ್ನು ತಿನ್ನುವ ಕಪ್ಪೆಗಳಿಗೆ ತೇವದ ವರ್ಷ ಹಿತವಾದದ್ದು. ಮೂಲೆಯಲ್ಲಿ ಕಟ್ಟಿಗೆಯ ರಾಶಿಯೊಂದು ಇದ್ದರೆ ಅವು ಅಲ್ಲೇ ನೆಲೆಸುತ್ತವೆ.

ಗಾಳಿಯಲ್ಲೇ ಕೀಟ ಹಿಡಿದು ತಿನ್ನುವ ಹಕ್ಕಿಗಳಿಗೂ ಬಾವಲಿಗಳಿಗೂ ಹೆಚ್ಚಿನ ಪೆಟ್ಟು ಬೀಳುತ್ತದೆ. ಸ್ವಿಫ್ಟ್ ಹಕ್ಕಿಯ ಮರಿಗಳು ಮೈಯ ಬಿಸಿಯನ್ನು ಇಳಿಸಿಕೊಂಡು ಹಲವು ದಿನ ಆಹಾರವಿಲ್ಲದೆ ತಡೆದುಕೊಳ್ಳಬಲ್ಲವು. ಗಬ್ಬದ ಬಾವಲಿಗಳು ಜಡಸ್ಥಿತಿಗೆ ಜಾರುವುದರಿಂದ ಹೆರಿಗೆಯೇ ತಡವಾಗುತ್ತದೆ. ಕೀಟಗಳನ್ನು ಸೆಳೆದು ದಣಿಸುವ ಹೊರಗಿನ ದೀಪಗಳನ್ನು ರಾತ್ರಿ ಆರಿಸುವುದು, ಗೂಡು ಕಟ್ಟುವ ಕಾಲದಲ್ಲಿ ಬೇಲಿಯನ್ನು ಕತ್ತರಿಸದಿರುವುದು, ಗಾಳಿಗೆ ಮರೆಯಾದ ಕಡೆ ದಳಗಳು ಒಂದೇ ಸುತ್ತಿನಲ್ಲಿರುವ ಹೂಗಳನ್ನು ಬೆಳೆಸುವುದು ನಮ್ಮಿಂದ ಆಗುವ ಕೆಲಸಗಳು. ಹಕ್ಕಿಗಳಿಗೆ ಕಾಳು ಹಾಕುವವರು ಮರಿಗಳ ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ಇಡೀ ಕಡಲೆಕಾಯಿ ಬೀಜವನ್ನು ಬಿಟ್ಟು ಪುಡಿಮಾಡಿದ್ದನ್ನೇ ಕೊಡಬೇಕು. ನೆಲದ ಮೇಲೆ ನಿಶ್ಚಲವಾಗಿ ಕುಳಿತ ದುಂಬಿಗೆ ಬಿಳಿ ಸಕ್ಕರೆ ಕರಗಿಸಿದ ಒಂದು ಹನಿ ನೀರು ಸಾಕು. ಜೇನುತುಪ್ಪದ ಮೂಲಕ ರೋಗ ಹರಡಬಹುದಾದ್ದರಿಂದ ಅದನ್ನು ಕೊಡಬಾರದು.

ಕೊನೆಗೆ ಮುಂದಿನ ವರ್ಷದ ವಿಚಾರ. ಸೇಬು, ಕಮೇಲಿಯಾ ಮೊದಲಾದವು ಮರುವರ್ಷದ ಮೊಗ್ಗುಗಳನ್ನು ಈ ಬೇಸಿಗೆಯಲ್ಲೇ ಕಟ್ಟುತ್ತವೆ. ಬೆಳಕು ಸಾಲದಾದರೆ ಬರುವ ವಸಂತದಲ್ಲಿ ಹೂ ಕಡಿಮೆಯಾದೀತು. ಬಿಸಿಲಿಲ್ಲದೆ ಹೊಸ ರೆಂಬೆಗಳು ಬಲಿಯದೆ ಹಸಿಹಸಿಯಾಗಿಯೇ ಉಳಿದರೆ ಮೊದಲ ಇಬ್ಬನಿಹಿಮಕ್ಕೆ ಕಪ್ಪಾಗುತ್ತವೆ. ಆದ್ದರಿಂದ ಬೇಸಿಗೆಯ ನಡುಭಾಗ ಕಳೆದ ಮೇಲೆ ಸಾರಜನಕದ ಗೊಬ್ಬರವನ್ನು ಪೂರ್ತಿ ನಿಲ್ಲಿಸಿ, ಪೊಟ್ಯಾಶ್ ಹೆಚ್ಚಿರುವುದನ್ನು ಒಮ್ಮೆ ಕೊಟ್ಟು, ರೆಂಬೆಯ ತುದಿ ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗುತ್ತಿದೆಯೇ ಎಂದು ವಾರಕ್ಕೊಮ್ಮೆ ನೋಡುತ್ತಿರಬೇಕು.