ಬಯ್ಯ ಅಂದರೆ ಎಷ್ಟು ಗಂಟೆ?

ಪತ್ತೆಯಾಗದ ಕೊಲೆ ಪ್ರಕರಣ ಓದಲು ನಾನು ಬಳಸುವುದು ಇನ್ನೂರು ಪುಟದ ಉದ್ದ ನೋಟ್‌ಬುಕ್. ಎಡಪುಟದಲ್ಲಿ ನಾಲ್ಕು ಕಾಲಂ: ನಡೆದ ಹೊತ್ತು, ಯಾರೋ ಅದನ್ನು ಮೊದಲು ಬಾಯಿಬಿಟ್ಟ ಹೊತ್ತು, ಅದು ಕಾಗದಕ್ಕೆ ಇಳಿದ ಹೊತ್ತು, ಹೇಳಿದವರು ಯಾರು. ಬಲಪುಟ ಅನುಮಾನಗಳಿಗೆ. ಕೊಂದವನ ಹೆಸರಿಗೆ ಕಾಲಂ ಇಲ್ಲ. ಮಣಿಪಾಲದಂಥ ಊರಲ್ಲಿ ಹೆಸರುಗಳಿಗೇನು ಬರ? ರೂಮ್‌ಮೇಟ್, ಹಳೇ ಗೆಳೆಯ, ಪಿಜಿ ನೋಡಿಕೊಳ್ಳುವವ, ರಿಕ್ಷಾದವ, ಹೊರರಾಜ್ಯದ ಕೂಲಿಯವ, ಎಲ್ಲರೂ ಟೈಗರ್ ಸರ್ಕಲ್ಲಿನ ಚಹಾದ ಜೊತೆ ಅರ್ಧ ದಿನದೊಳಗೆ ಒಂದು ಸುತ್ತು ಬಂದಿರುತ್ತಾರೆ. ಬರ ಇರುವುದು ಹೊತ್ತಿಗೆ.

ಮೊದಲು ಎಫ್‌ಐಆರ್. 2016ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಬರಬೇಕು. ಎಲ್ಲರೂ ನೇರ ದೂರಿನ ಕತೆಗೆ ಹೋಗುತ್ತಾರೆ. ನಾನು ಮೊದಲು ನೋಡುವುದು ಮೇಲಿನ ಚೌಕಗಳನ್ನು: ಕೃತ್ಯ ನಡೆದ ವೇಳೆ, ಠಾಣೆಗೆ ಮಾಹಿತಿ ಬಂದ ವೇಳೆ, ವಿಳಂಬಕ್ಕೆ ಕಾರಣ. ‘ಕೃತ್ಯ ನಡೆದ ವೇಳೆ’ ಎಂಬಲ್ಲಿ ಹೆಚ್ಚಾಗಿ ಎರಡು ತುದಿ ಇರುತ್ತದೆ. ಕೊನೆಗೆ ಜೀವಂತ ಕಂಡದ್ದು ಒಂದು, ಶವ ಸಿಕ್ಕಿದ್ದು ಇನ್ನೊಂದು. ಮರುದಿನದ ಪೇಪರು ಅದರಲ್ಲಿ ಒಂದನ್ನು ಹೆಕ್ಕಿ ಕೊಲೆಯ ಸಮಯ ಅಂತ ಅಚ್ಚು ಹಾಕುತ್ತದೆ. ಹತ್ತು ವರ್ಷ ಕಳೆದರೂ ಜನ ಹಿಡಿದುಕೊಂಡಿರುವುದು ಆ ಅಚ್ಚಾದ ಸಮಯವನ್ನೇ.

ಪ್ರಕರಣ ಯುಡಿಆರ್ (ಅಸಹಜ ಸಾವಿನ ವರದಿ) ಆಗಿ ಶುರುವಾಗಿದ್ದರೆ ಇನ್ನಷ್ಟು ತೊಡಕು. ಅಸಹಜ ಸಾವು ಅಂತ ಮೊದಲು ಬರೆದು, ಡಾಕ್ಟರ ಅಭಿಪ್ರಾಯ ಬಂದ ಮೇಲೆ ಕೊಲೆ ಅಂತ ದಾಖಲಿಸಿದರೆ ಎಫ್‌ಐಆರ್ ತಾರೀಖು ವಾರಗಟ್ಟಲೆ ತಡವಾಗಿರುತ್ತದೆ. ಆದ್ದರಿಂದ ಯುಡಿಆರ್ ನಂಬರನ್ನೂ ಠಾಣೆಯ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳಬೇಕು. ಸರಣಿ ಕೊಲೆಗಾರ ಸಯನೈಡ್ ಮೋಹನ್ ಪ್ರಕರಣ ವರ್ಷಗಟ್ಟಲೆ ಬಿಡಿಬಿಡಿಯಾಗಿ ಉಳಿದದ್ದಕ್ಕೆ ಇದೇ ದೊಡ್ಡ ಕಾರಣ. ಯುವತಿಯರು ಕಾಣೆಯಾದ ದೂರುಗಳು ಕರಾವಳಿಯಲ್ಲಿ, ಶವಗಳು ಮಡಿಕೇರಿ, ಮೈಸೂರು, ಹಾಸನದ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ. ಬೇರೆ ಬೇರೆ ಠಾಣೆ, ಬೇರೆ ಬೇರೆ ಯುಡಿಆರ್. 2009ರಲ್ಲಿ ಬಂಟ್ವಾಳದ ಬರಿಮಾರಿನ ಯುವತಿ ಕಾಣೆಯಾದಾಗ ಊರು ಅನ್ಯಕೋಮಿನವನ ಜೊತೆ ಹೋದಳು ಅಂತ ತೀರ್ಮಾನಿಸಿಯೇ ಬಿಟ್ಟಿತ್ತು. ಫೋನ್ ಕರೆಗಳ ಜಾಡು ಹಿಡಿದು ಹೋದಾಗ ಸಿಕ್ಕವನು ಇದೇ ಮೋಹನ್, ಹಿಂದೆ ಶಾಲಾ ಮೇಷ್ಟ್ರಾಗಿದ್ದವ.

ಇನ್ನು ಸಾಕ್ಷಿಯ ಮಾತು. ನಮ್ಮಲ್ಲಿ ಸಾಕ್ಷಿ ಹೇಳುವುದು ತುಳು, ಕೊಂಕಣಿ ಅಥವಾ ಬ್ಯಾರಿಯಲ್ಲಿ, ಠಾಣೆಯಲ್ಲಿ ಬರೆಯುವುದು ಕನ್ನಡದಲ್ಲಿ. ‘ಬಯ್ಯಗ್ ತೂಯೆ’ ಅಂದವನ ಹೇಳಿಕೆ ಕಾಗದದಲ್ಲಿ ‘ಸಂಜೆ ನೋಡಿದೆ’ ಆಗುತ್ತದೆ. ತುಳುವಿನ ಬಯ್ಯದಲ್ಲಿ ನಾಲ್ಕು ಗಂಟೆಯ ಚಹಾವೂ ಸೇರುತ್ತದೆ. ಕನ್ನಡದ ಸಂಜೆ ಓದುವವನ ತಲೆಯಲ್ಲಿ ದೀಪ ಹಚ್ಚುವ ಹೊತ್ತಾಗುತ್ತದೆ. ಎರಡೂವರೆ ಗಂಟೆ ಅಲ್ಲೇ ಜಾರಿತು, ಅಷ್ಟರಲ್ಲಿ ಒಬ್ಬ ಮಂಗಳೂರಿನಿಂದ ಉಡುಪಿಗೆ ಬಸ್ಸಲ್ಲಿ ಹೋಗಿ ಚಹಾ ಕುಡಿದಿರಬಹುದು. ಹಾಗಾಗಿ ಮೊದಲ ಕಾಲಮ್ಮಿನಲ್ಲಿ ಸಾಕ್ಷಿಯ ಪದವನ್ನೇ ಬರೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘4ರಿಂದ 7’ ಅಂತ ಹಾಕುತ್ತೇನೆ. ಪೆನ್ನಿನಲ್ಲಿ ಹಾಕಿದರೆ ನಾಲ್ಕು ದಿನ ಬಿಟ್ಟು ಅದೇ ಸತ್ಯ ಅನಿಸಲು ಶುರುವಾಗುತ್ತದೆ.

‘ಆಟ ನೋಡಿ ಬರುವಾಗ ಕಂಡೆ’ ಎಂಬ ಹೇಳಿಕೆ ಸಿಕ್ಕರೆ (ಆಟ ಅಂದರೆ ಯಕ್ಷಗಾನ) ಎರಡು ವಿಷಯ ತಾಳೆ ನೋಡಬೇಕು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದ ಮೇಲೆ ಬಯಲಾಟದ ಮೇಳಗಳು ತಿರುಗಾಟ ನಿಲ್ಲಿಸುತ್ತವೆ. ಜುಲೈ ತಿಂಗಳ ಘಟನೆಗೆ ಅಂಥ ಸಾಕ್ಷಿ ಬಂದರೆ ಯಾವ ಆಟ, ಯಾವ ಸಭಾಂಗಣ ಅಂತ ಕೇಳಬೇಕು. ಎರಡನೆಯದು, ಈಗ ಹಲವು ಕಡೆ ಕಾಲಮಿತಿ ಆಟ, ಮಧ್ಯರಾತ್ರಿಗೆಲ್ಲ ಮಂಗಳ. ಹಿಂದೆ ಬೆಳಗಿನವರೆಗೆ. 1990ರ ದಶಕದ ಪ್ರಕರಣವನ್ನು ಈಗಿನ ಗಡಿಯಾರದಲ್ಲಿ ಓದಿದರೆ ಸಾಕ್ಷಿಯೇ ಸುಳ್ಳುಗಾರನಾಗಿ ಕಾಣುತ್ತಾನೆ. ‘ಲಾಸ್ಟ್ ಬಸ್ಸು ಹೋದ ಮೇಲೆ’ ಎಂಬುದೂ ಹೀಗೆಯೇ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನ ಹಳೇ ಟೈಮ್‌ಕೀಪರುಗಳಿಗೆ ಯಾವ ವರ್ಷ ಯಾವ ರೂಟಿನ ಕೊನೇ ಟ್ರಿಪ್ ಎಷ್ಟಕ್ಕಿತ್ತು ಅಂತ ನೆನಪಿರುತ್ತದೆ. ಬೋರ್ಡಿನಲ್ಲಿ ಬರೆದ ಸಮಯಕ್ಕಿಂತ ಅವರ ಮಾತು ವಾಸಿ.

ತಾರೀಖಿನ ತಪ್ಪು ಇದಕ್ಕಿಂತ ಸಾಮಾನ್ಯ. ‘ಶನಿವಾರ ರಾತ್ರಿ ಎರಡು ಗಂಟೆಗೆ’ ಅಂದರೆ ಕಾಗದದಲ್ಲಿ ಭಾನುವಾರ. ಅಮೆರಿಕದ ಐಡಹೋ ರಾಜ್ಯದ ಮಾಸ್ಕೋ ಎಂಬ ಕಾಲೇಜು ಊರಲ್ಲಿ 2022ರ ನವೆಂಬರ್ 13ರಂದು ನಾಲ್ವರು ವಿದ್ಯಾರ್ಥಿಗಳ ಕೊಲೆ ನಡೆದದ್ದು ಜನರ ಮಾತಿನಲ್ಲಿ ಶನಿವಾರ ರಾತ್ರಿ, ದಾಖಲೆಯಲ್ಲಿ ಭಾನುವಾರ ಬೆಳಗಿನ ಜಾವ. ಹೊಸಬರು ಅಭ್ಯಾಸಕ್ಕೆ ಇದನ್ನೇ ತೆಗೆದುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಉತ್ತರ ಸಿಕ್ಕಿದೆ. 2025ರ ಜುಲೈಯಲ್ಲಿ ಆರೋಪಿ ತಪ್ಪೊಪ್ಪಿಕೊಂಡು ಜೀವಾವಧಿ ಶಿಕ್ಷೆಗೆ ಹೋದ. ದಾಖಲೆ ತೆರೆದರೆ ಕೊಲೆಯ ಹೊತ್ತಿನ ಕಿಟಕಿ ಹೇಗೆ ಕಿರಿದಾಗುತ್ತದೆ ನೋಡಬಹುದು: ಸುಮಾರು ನಾಲ್ಕಕ್ಕೆ ಮನೆಗೆ ಊಟದ ಪಾರ್ಸೆಲ್ ಬಂತು, 4.12ಕ್ಕೆ ಸತ್ತವರಲ್ಲಿ ಒಬ್ಬರ ಫೋನಿನಲ್ಲಿ ಟಿಕ್‌ಟಾಕ್ ಓಡುತ್ತಿತ್ತು, 4.20ಕ್ಕೆ ಕಾರು ಜಾಗ ಬಿಟ್ಟಿತು. ತುರ್ತು ಕರೆ ಹೋದದ್ದು ಮಧ್ಯಾಹ್ನ 12ರ ಹೊತ್ತಿಗೆ, ಅದೂ ಪ್ರಜ್ಞೆ ತಪ್ಪಿದವರಿದ್ದಾರೆ ಅಂತ. ಮೂರು ಕಾಲಂ, ಮೂರು ಬೇರೆ ಹೊತ್ತು.

ಅದೇ ಪ್ರಕರಣದಲ್ಲಿ ಪೊಲೀಸರು ಮೊದಲು ಹುಡುಕಿದ್ದು 2011ರಿಂದ 2013ರ ಮಾಡೆಲ್ಲಿನ ಬಿಳಿ ಹ್ಯುಂಡೈ ಎಲಾಂಟ್ರಾ. ಆರೋಪಿಯದು 2015ರದ್ದು. ಬಣ್ಣ, ಕಂಪನಿ ಸರಿ, ವರ್ಷ ತಪ್ಪು. ಟಿಕ್‌ಟಾಕಿನ ಹವ್ಯಾಸಿಯೊಬ್ಬಳು ಆ ಹೊತ್ತಿಗೆ ಅಲ್ಲಿನ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕಿಯ ಮೇಲೆ ಬೆರಳು ಮಾಡಿ, ಅವರು ಮಾನನಷ್ಟದ ದಾವೆ ಹಾಕುವವರೆಗೆ ಹೋಗಿತ್ತು. ನಮ್ಮಲ್ಲಿ ‘ಬಿಳಿ ಸ್ವಿಫ್ಟ್ ಕಂಡೆ’ ಎಂಬ ಸಾಲು ಬಂದರೆ ಬಲಪುಟದಲ್ಲಿ ಬರೆದು ಮುಂದೆ ಹೋಗುತ್ತೇನೆ. ರಾತ್ರಿ ಸೋಡಿಯಂ ದೀಪದ ಕೆಳಗೆ ಬಿಳಿ, ಬೆಳ್ಳಿ, ತಿಳಿಹಳದಿ ಎಲ್ಲ ಒಂದೇ.

ಮರಣೋತ್ತರ ಪರೀಕ್ಷೆಯ ವರದಿ ಹೊರಗಿನವರ ಕೈಗೆ ಸಿಗುವುದಿಲ್ಲ. ಅದರ ಸಾರ ತೀರ್ಪುಗಳಲ್ಲಿ ಬರುತ್ತದೆ, ಇ-ಕೋರ್ಟ್ಸ್‌ನಲ್ಲಿ ಹುಡುಕಬಹುದು. ಇಲ್ಲಿ ಒಂದೇ ಒಂದು ಲೆಕ್ಕದಲ್ಲಿ ಬಹುಮಂದಿ ಎಡವುತ್ತಾರೆ. ಶವ ಸಿಕ್ಕಿದ್ದು ಸೋಮವಾರ ಸಂಜೆ 6ಕ್ಕೆ, ಪರೀಕ್ಷೆ ಮಂಗಳವಾರ ಬೆಳಿಗ್ಗೆ 11.30ಕ್ಕೆ ಅಂತ ಇಟ್ಟುಕೊಳ್ಳಿ. ‘18ರಿಂದ 24 ಗಂಟೆ ಹಿಂದೆ’ ಅಂತ ಡಾಕ್ಟರು ಬರೆದರೆ ಅದು ಪರೀಕ್ಷೆಯ ಹೊತ್ತಿನಿಂದ ಹಿಂದಕ್ಕೆ, ಅಂದರೆ ಸೋಮವಾರ ಬೆಳಿಗ್ಗೆ 11.30ರಿಂದ ಸಂಜೆ 5.30. ಶವ ಸಿಕ್ಕ ಹೊತ್ತಿನಿಂದ ಎಣಿಸಿದವನು ಭಾನುವಾರ ರಾತ್ರಿಗೆ ಹೋಗಿ, ಆ ರಾತ್ರಿ ಊರಲ್ಲಿದ್ದ ಯಾರನ್ನೋ ಹಿಡಿದು ಕೂರುತ್ತಾನೆ. ನಡುವೆ ಶವ ಶೀತಲ ಕೊಠಡಿಯಲ್ಲಿ ಇದ್ದರೆ ಬದಲಾವಣೆಗಳು ನಿಧಾನವಾಗುತ್ತವೆ, ಕಿಟಕಿ ಇನ್ನೂ ಸಡಿಲ. ಹೆಣ ಸೆಟೆಯಲು 12 ಗಂಟೆ, ಸೆಟೆದಿರಲು 12, ಬಿಡಲು 12 ಎಂಬ ಪಾಠದ ಲೆಕ್ಕ ತಣ್ಣನೆಯ ದೇಶದ್ದು. ನಮ್ಮ ಸೆಕೆಯಲ್ಲಿ ಎಲ್ಲ ಬೇಗ ಬಂದು ಬೇಗ ಹೋಗುತ್ತದೆ. ಗಾಳಿಯೇ 32 ಡಿಗ್ರಿ ಇರುವಾಗ ದೇಹ ತಣ್ಣಗಾಗುವುದರ ಮೇಲೆ ಗಂಟೆ ಎಣಿಸುವುದೂ ಕಷ್ಟ.

ಜಾಗಕ್ಕೆ ಹೋಗುವುದಾದರೆ ಅದೇ ಋತುವಿನಲ್ಲಿ, ಅದೇ ಹೊತ್ತಿನಲ್ಲಿ. ರಸ್ತೆಯ ದೂರ ಮ್ಯಾಪಿನಲ್ಲಿದೆ, ಆದರೆ ಮ್ಯಾಪಿಗೆ ಪಾಗಾರ ಹಾರುವ ದಾರಿ ಗೊತ್ತಿಲ್ಲ. ಸ್ಟಾಪ್‌ವಾಚ್ ಹಿಡಿದು ಮೂರು ಸಲ ನಡೆದು ಮೂರನ್ನೂ ಬರೆಯಿರಿ. ಬೊಬ್ಬೆ ಯಾರಿಗೂ ಕೇಳಲಿಲ್ಲವೇ ಎಂಬ ಪ್ರಶ್ನೆಗೆ ಆಟಿ ತಿಂಗಳ ಮಳೆಯಲ್ಲಿ ಶೀಟು ಹಾಕಿದ ಮನೆಯೊಳಗೆ ಹತ್ತು ನಿಮಿಷ ಕೂತರೆ ಸಾಕು, ಪಕ್ಕದ ಕೋಣೆಯವರ ಮಾತೇ ಕೇಳುವುದಿಲ್ಲ. ಯಾರದೇ ಮನೆಯ ಬಾಗಿಲು ತಟ್ಟಬೇಡಿ, ಸತ್ತವರ ಮನೆಯದಂತೂ ಬೇಡವೇ ಬೇಡ.

ಟವರ್ ಲೊಕೇಶನ್ ಸಿಕ್ಕಿತು ಅಂತ ಕುಣಿಯುವವರಿಗೆ: ಟವರ್ ತೋರಿಸುವುದು ಮನೆಯನ್ನಲ್ಲ, ಒಂದು ಹರಹನ್ನು. ನೇತ್ರಾವತಿಯಾಚೆ ಉಳ್ಳಾಲದ ಟವರ್ ಈಚೆ ದಡದ ಫೋನನ್ನು ಹಿಡಿಯಬಹುದು. ಕರೆ ದಾಖಲೆ ಕನಿಷ್ಠ ಎರಡು ವರ್ಷ ಇಡಬೇಕೆಂಬ ನಿಯಮ ಬಂದದ್ದೇ 2021ರ ಡಿಸೆಂಬರಿನಲ್ಲಿ, ಅದಕ್ಕೂ ಮೊದಲು ಒಂದೇ ವರ್ಷ. ಅಂಗಡಿಯ ಸಿಸಿಟಿವಿ ಹೆಚ್ಚಾಗಿ ತಿಂಗಳೊಳಗೆ ತನ್ನ ಮೇಲೆ ತಾನೇ ಬರೆದುಕೊಳ್ಳುತ್ತದೆ.

ಖುಲಾಸೆಯ ಬಗ್ಗೆ ಒಂದು ಮಾತು. ಉಜಿರೆಯಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯ 2012ರ ಕೊಲೆ ಪ್ರಕರಣದಲ್ಲಿ ಆರೋಪಿಯನ್ನು 2023ರ ಜೂನ್‌ನಲ್ಲಿ ನ್ಯಾಯಾಲಯ ಬಿಟ್ಟಿತು. ಅವನ ಮೇಲಿನ ಆರೋಪ ನಿಲ್ಲಲಿಲ್ಲ ಅಂತ ಅದರರ್ಥ. ಇನ್ನೊಬ್ಬನ ಹೆಸರು ಆ ತೀರ್ಪಿನ ಸಾಲುಗಳ ನಡುವೆ ಅಡಗಿದೆ ಅಂತ ಓದುವುದು ಓದುವವನ ಚಾಳಿ.

ಕೆಲವೊಮ್ಮೆ ನಿಜವಾಗಿಯೂ ಏನೋ ಸಿಗುತ್ತದೆ. ಎರಡು ಹೇಳಿಕೆ ಕೂಡುವುದಿಲ್ಲ, ಅಥವಾ ಎರಡು ಯುಡಿಆರ್ ಒಂದೇ ತರ ಇವೆ. ಠಾಣೆ ‘ಸಿ ರಿಪೋರ್ಟ್’ ಹಾಕಿದ್ದರೂ ಕೊಲೆ ನಡೆದದ್ದು ನಿಜ, ಆರೋಪಿ ಸಿಕ್ಕಿಲ್ಲ ಅಂತ ಮಾತ್ರ ಅದರರ್ಥ. ಹೆಚ್ಚಿನ ತನಿಖೆಗೆ ದಾರಿ ಇದೆ, ಕೊಲೆಗೆ ಕಾಲಮಿತಿ ಇಲ್ಲ. ಪೊಲೀಸರಿಗೆ ಬರೆದು ಕೊಡುವುದು ಒಂದೇ ಪುಟ, ಒಂದೇ ಬದಿ: ಅಪರಾಧ ಸಂಖ್ಯೆ, ಯಾವ ದಾಖಲೆಯ ಯಾವ ಪುಟದಲ್ಲಿ ಏನಿದೆ, ಎಲ್ಲಿ ಕೂಡುವುದಿಲ್ಲ. ಊಹೆ ಬೇಡ, ಹೆಸರು ಬೇಡ. ಮಂಗಳೂರು ನಗರದ್ದಾದರೆ ಕಮಿಷನರ್ ಕಚೇರಿ, ಉಡುಪಿಯದ್ದಾದರೆ ಎಸ್‌ಪಿ ಕಚೇರಿ. ಅಲ್ಲಿನ ಟಪಾಲು ವಿಭಾಗದಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಸೀಲು, ತಾರೀಖು, ಸಮಯ ಹಾಕಿಸಿಕೊಳ್ಳಿ. ಸಮಯ ಹಾಕದೆ ಕೊಟ್ಟರೆ ಕೇಳಿ ಹಾಕಿಸಿ.