ಅಡಿಸ್ ಅಬಾಬಾದಲ್ಲಿ ಮೊದಲ ಇಂಜೆರಾ ಊಟ: ಏನು ಕೇಳಬೇಕು, ಹೇಗೆ ತಿನ್ನಬೇಕು

ಸಸ್ಯಾಹಾರಿಗಳನ್ನು ಇಂಜೆರಾ (ಹುದುಗಿಸಿದ ಹಿಟ್ಟಿನ ಅಗಲ ದೋಸೆ) ಹಾಸಿ ಬಡಿಸುವ ಇಥಿಯೋಪಿಯನ್ ಊಟಕ್ಕೆ ಮೊದಲ ಸಲ ಕರೆದೊಯ್ಯುವಾಗ ನಾನು ಹೋಟೆಲಿಗಿಂತ ಮೊದಲು ವಾರ ನೋಡುತ್ತೇನೆ. ಬುಧವಾರ, ಶುಕ್ರವಾರ ಇಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ‘ತ್ಸೋಮ್’, ಅಂದರೆ ಉಪವಾಸ. ಮಾಂಸ, ಮೊಟ್ಟೆಯಷ್ಟೇ ಅಲ್ಲ, ಹಾಲು, ಬೆಣ್ಣೆ, ತುಪ್ಪವೂ ಆ ದಿನ ವರ್ಜ್ಯ. ಹಾಗಾಗಿ ಹೆಚ್ಚಿನ ಹೋಟೆಲುಗಳಲ್ಲಿ ಬೇಳೆ, ಸೊಪ್ಪು, ತರಕಾರಿಯ ಹತ್ತಾರು ಪದಾರ್ಥ ತಾಜಾ ಆಗಿರುತ್ತವೆ. ಕೇಳಬೇಕಾದ ಹೆಸರು ‘ಯೆತ್ಸೋಮ್ ಬೆಯಾಯ್ನೆತು’, ಉಪವಾಸದ ಬಗೆಬಗೆ ಎಂದು ಅರ್ಥ. ಈಸ್ಟರ್‌ಗೆ ಮುಂಚಿನ 55 ದಿನಗಳ ದೊಡ್ಡ ಉಪವಾಸದಲ್ಲಿ ಇದು ದಿನವೂ ಸಿಗುತ್ತದೆ. ಆದರೆ ಈಸ್ಟರ್ ಮುಗಿದ ಮೇಲಿನ 50 ದಿನ ಬುಧವಾರ, ಶುಕ್ರವಾರದ ಉಪವಾಸವೂ ಇರುವುದಿಲ್ಲ. ಇದು ಗೊತ್ತಿಲ್ಲದೆ ಆಗ ಶುಕ್ರವಾರವೆಂದು ನಂಬಿ ಹೋದವರಿಗೆ ಬರೀ ಮಾಂಸದ ಪಟ್ಟಿ ಎದುರಾಗಬಹುದು.

ಉಳಿದ ದಿನಗಳಲ್ಲಿ ಎರಡು ಪ್ರಶ್ನೆ ಬಾಯಿಪಾಠ ಮಾಡಿಕೊಂಡಿರಬೇಕು: “ಸಿಗಾ ಅಲ್ಲೆ?”, “ಕಿಬೆ ಅಲ್ಲೆ?” ಸಿಗಾ ಎಂದರೆ ಮಾಂಸ, ಕಿಬೆ ಎಂದರೆ ಬೆಣ್ಣೆ, ಅಡುಗೆಗೆ ಬಳಸುವುದು ಮಸಾಲೆ ಹಾಕಿ ಕಾಯಿಸಿದ್ದು, ನಮ್ಮ ತುಪ್ಪದ ದಾಯಾದಿ. ಕನ್ನಡದ ಕಿವಿ ಮೋಸಹೋಗುವುದು ಉತ್ತರದಲ್ಲಿ. ಆಮ್ಹಾರಿಕ್‌ನಲ್ಲಿ ‘ಅಲ್ಲೆ’ ಎಂದರೆ ಇದೆ, ‘ಯೆಲ್ಲೆಂ’ ಎಂದರೆ ಇಲ್ಲ. ಕೆಲವರು ಮಾತೇ ಆಡದೆ ಗಕ್ಕನೆ ಉಸಿರು ಒಳಗೆಳೆದುಕೊಳ್ಳುತ್ತಾರೆ, ಅದೂ ‘ಹೌದು’. ಬರೀ ‘ಶಿರೋ’ ಎಂದರೆ ಕಡಲೆ ಅಥವಾ ಬಟಾಣಿ ಹಿಟ್ಟಿನ ಗಟ್ಟಿ ಸಾರು. ‘ಬೋಝೆನಾ ಶಿರೋ’ದಲ್ಲಿ ದನದ ಮಾಂಸದ ತುಣುಕಿರುತ್ತದೆ. ‘ಗೊಮೆನ್’ ಸೊಪ್ಪಿನ ಪಲ್ಯ, ‘ಗೊಮೆನ್ ಬೆಸಿಗಾ’ ಆದರೆ ಸೊಪ್ಪಿನ ಜೊತೆ ಮಾಂಸ. ಮೆನುವಿನ ಒಂದೇ ಒಂದು ಪದ ತಪ್ಪಿ ಓದಿದರೂ ತಟ್ಟೆ ಬದಲಾಗುತ್ತದೆ.

ಟೇಬಲ್ ಕಾದಿರಿಸುವಾಗ ಗಡಿಯಾರದ ಮೇಲೂ ಗಮನವಿರಲಿ. ಇಲ್ಲಿ ಹಗಲಿನ ಗಂಟೆಯ ಎಣಿಕೆ ಬೆಳಗ್ಗೆ 6ರಿಂದ, ರಾತ್ರಿಯದು ಸಂಜೆ 6ರಿಂದ. ರಾತ್ರಿ ಎರಡು ಗಂಟೆ ಎಂದು ಅವರು ಹೇಳಿದರೆ ನಮ್ಮ ಲೆಕ್ಕದ ರಾತ್ರಿ 8.

ಇನ್ನು ಇಂಜೆರಾ. ತೆಫ್ ಎಂಬ ಧಾನ್ಯದ ಕಾಳು ಸುಮಾರು ಒಂದು ಮಿಲಿಮೀಟರ್ ಅಷ್ಟೇ, ರಾಗಿಗಿಂತಲೂ ಸಣ್ಣದು. ಅದರ ಹಿಟ್ಟು ಕಲಸಿ, ಹಿಂದಿನ ಹಿಟ್ಟಿನ ಮೇಲೆ ನಿಂತ ಹುಳಿನೀರನ್ನು (ಅದರ ಹೆಸರು ಎರ್ಶೊ) ಬೆರೆಸಿ ಎರಡು ಮೂರು ದಿನ ಹುದುಗಿಸುತ್ತಾರೆ. ಆಮೇಲೆ ಒಂದಷ್ಟು ಹಿಟ್ಟನ್ನು ಕುದಿಸಿ ಅಂಬಲಿಯಂತೆ ಮಾಡಿ ಮತ್ತೆ ಅದಕ್ಕೇ ಕೂಡಿಸುತ್ತಾರೆ. ಅರ್ಧ ಮೀಟರಿಗೂ ಮಿಕ್ಕ ಅಗಲದ ಹೆಂಚಿನ ಮೇಲೆ ಸುತ್ತಿಸಿ ಹೊಯ್ದು, ಮುಚ್ಚಳ ಹಾಕಿ ಬೇಯಿಸುತ್ತಾರೆ. ಮಗುಚುವುದಿಲ್ಲ. ಅದಕ್ಕೇ ಕೆಳಗಡೆ ನುಣುಪು, ಮೇಲೆಲ್ಲ ತೂತು. ಆ ತೂತಿಗೆ ಅವರು ‘ಕಣ್ಣು’ ಎನ್ನುತ್ತಾರೆ. ಕಣ್ಣು ಒತ್ತೊತ್ತಾಗಿ ಸಮನಾಗಿದ್ದು, ಮಡಚಿದಾಗ ಸೀಳದಿದ್ದರೆ ಇಂಜೆರಾ ಚೆನ್ನಾಗಿದೆ. ಅಂಚು ಒಣಗಿ ಮುರಿಯುತ್ತಿದ್ದರೆ ಹಳೆಯದು. ಪೂರ್ತಿ ತೆಫ್‌ನದ್ದಾದರೆ ಗ್ಲುಟೆನ್ ಇರುವುದಿಲ್ಲ. ವಿದೇಶದ ಇಥಿಯೋಪಿಯನ್ ಹೋಟೆಲುಗಳಲ್ಲಿ ಗೋಧಿ ಅಥವಾ ಜವೆ ಬೆರೆಸುವುದು ಮಾಮೂಲು, ಗೋಧಿ ಒಗ್ಗದವರು ಕೇಳಿಯೇ ತಿನ್ನಬೇಕು.

ನಮ್ಮವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ನೋಡಿದರೆ ದೋಸೆ, ಆದ್ದರಿಂದ ಮೊದಲು ಬರೀ ಇಂಜೆರಾ ಚೂರು ಮುರಿದು ಬಾಯಿಗಿಡುತ್ತಾರೆ. ಬರೀ ಹುಳಿ, ಉಪ್ಪಿಲ್ಲ, ತಣ್ಣಗೆ ಬೇರೆ. ಮುಖ ಕಿವುಚುತ್ತದೆ, ಅಲ್ಲಿಗೆ ಊಟದ ಮೇಲಿನ ಮನಸ್ಸೇ ಹೋಗುತ್ತದೆ. ಇಂಜೆರಾವನ್ನು ಬಿಸಿಯಾಗಿ ಬಡಿಸುವ ಪದ್ಧತಿಯೇ ಇಲ್ಲ. ಆ ಹುಳಿ ಇರುವುದು ಬೇಳೆಯ ಮಂದವನ್ನೂ ಖಾರವನ್ನೂ ಕಡಿಯಲಿಕ್ಕೆ, ನಮ್ಮಲ್ಲಿ ಹುಣಸೆಹುಳಿ ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಹಾಗಾಗಿ ಮೊದಲ ತುತ್ತು ಬೇಳೆಯ ಜೊತೆಗೇ ಆಗಲಿ.

ಕೈ ತೊಳೆದು ಕೂತ ಮೇಲೆ ಬಲಗೈ ಮಾತ್ರ. ಸುರುಳಿ ಸುತ್ತಿಟ್ಟ ಇಂಜೆರಾದಿಂದ ಎರಡು ಮೂರು ಇಂಚಿನ ತುಂಡು ಹರಿಯಿರಿ. ಕಣ್ಣಿನ ಬದಿ ಕೆಳಗೆ ಮಾಡಿ ಪದಾರ್ಥದ ಮೇಲೆ ಹೊದಿಸಿ, ಹೆಬ್ಬೆರಳು ಮತ್ತು ಎರಡು ಬೆರಳಿನಿಂದ ಚಿವುಟಿದಂತೆ ಹಿಡಿದು ಎತ್ತಿ. ತೂತು ರಸ ಹೀರುತ್ತದೆ, ನುಣುಪು ಬದಿ ಬೆರಳಿಗೆ ಬರುವುದರಿಂದ ಕೈ ಒಣಗೇ ಇರುತ್ತದೆ. ಚಪಾತಿಯಂತೆ ಅದ್ದಿದರೆ ತುಂಡು ನೆನೆದು ಹರಿದು ಬೀಳುತ್ತದೆ. ಅನ್ನದಂತೆ ಅಂಗೈಯಲ್ಲಿ ಕಲಸುವುದು, ಬೆರಳು ನೆಕ್ಕುವುದು ಇಲ್ಲಿ ಅಸಭ್ಯ. ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕುತ್ತಾರಲ್ಲ. ತನ್ನ ಮುಂದಿರುವ ಭಾಗದಿಂದಷ್ಟೇ ತಿನ್ನಬೇಕು.

ಎಂಜಲಿನ ಲೆಕ್ಕ ಮನಸ್ಸಿನಲ್ಲಿರುವವರಿಗೆ ಇದು ಕಷ್ಟ, ಒಪ್ಪುತ್ತೇನೆ. ‘ಲೆಬಿಚಾ’ (ಪ್ರತ್ಯೇಕವಾಗಿ) ಎಂದು ಕೇಳಿದರೆ ಬೇರೆ ತಟ್ಟೆ ಕೊಡುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಂಸ ತಿನ್ನುವವರೂ ತಿನ್ನದವರೂ ಒಟ್ಟಿಗೆ ಕೂತಾಗ ಇದನ್ನು ಮುಂಚೆಯೇ ಹೇಳಬೇಕು. ಕೋಳಿಯ ‘ದೋರೊ ವೊಟ್’ನ ರಸ ಕೆಳಗಿನ ಇಂಜೆರಾದಲ್ಲಿ ಹರಡಿ ನಿಮ್ಮ ಬೇಳೆಯ ತನಕ ಬಂದ ಮೇಲೆ ಗೆರೆ ಎಳೆಯಲಾಗದು. ಆದರೂ ಎದುರಿಗಿದ್ದವರು ತುತ್ತು ಕಟ್ಟಿ ನಿಮ್ಮ ಬಾಯಿಗೇ ಹಿಡಿಯಬಹುದು. ಅದು ‘ಗುರ್ಶಾ’, ಪ್ರೀತಿಯ ಗುರುತು. ಬಾಯಿ ದೊಡ್ಡದಾಗಿ ತೆರೆಯುವುದೇ ಮರ್ಯಾದೆ.

ತಿನ್ನುವ ಕ್ರಮ ನನ್ನದು ಹೀಗೆ: ಮೊದಲು ಅರಿಸಿನದ ಸಪ್ಪೆ ಬೇಳೆ ‘ಕಿಕ್ ಅಲಿಚಾ’, ಆಮೇಲೆ ಶಿರೋ, ಕೊನೆಗೆ ಕೆಂಪು ‘ಮಿಸಿರ್ ವೊಟ್’. ಮಸೂರ್ ಬೇಳೆಯ ಆ ವೊಟ್‌ನಲ್ಲಿರುವ ಬೆರ್ಬೆರೆ ಪುಡಿಯಲ್ಲಿ ಒಣಮೆಣಸಿನ ಜೊತೆ ಬೆಳ್ಳುಳ್ಳಿ, ಶುಂಠಿ, ಮೆಂತ್ಯ, ಓಮ ಮತ್ತು ಕೊರೆರಿಮಾ ಎಂಬ ಅಲ್ಲಿಯದೇ ಏಲಕ್ಕಿ ಇರುತ್ತವೆ. ಖಾರ ತಡವಾಗಿ ಏರುತ್ತದೆ, ಮೊದಲೇ ಶುರುಮಾಡಿದರೆ ಅಲಿಚಾದ ರುಚಿ ನಾಲಿಗೆಗೆ ಸಿಗದು. ಒಗ್ಗರಣೆ ಹುಡುಕಬೇಡಿ, ಇಲ್ಲ. ಈರುಳ್ಳಿಯನ್ನು ಎಣ್ಣೆಯಿಲ್ಲದೆ ತುಂಬಾ ಹೊತ್ತು ಬಾಡಿಸಿ ಕರಗಿಸಿ, ನಂತರ ಎಣ್ಣೆ, ಬೆರ್ಬೆರೆ ಹಾಕುವುದರಿಂದ ಖಾರದ ಅಡಿಯಲ್ಲಿ ಒಂದು ಸಿಹಿ ಇರುತ್ತದೆ. ಮಣ್ಣಿನ ಕುಡಿಕೆಯಲ್ಲಿ ಕುದಿಯುತ್ತಾ ಬರುವ ‘ತೆಗಾಬಿನೊ’ ಶಿರೋವನ್ನು ಇಂಜೆರಾದ ಮೇಲೆ ಸುರಿದು ಎರಡು ನಿಮಿಷ ಬಿಡಿ. ಹಿಟ್ಟಿನ ಸಾರು ಬಿಸಿ ಬಿಡುವುದು ನಿಧಾನ, ನಾಲಿಗೆ ಸುಟ್ಟರೆ ಮುಂದಿನದೆಲ್ಲ ವ್ಯರ್ಥ.

ಉಪವಾಸದ ತಟ್ಟೆಯಲ್ಲಿ ಕನ್ನಡಿಗರು ನೆಂಟರನ್ನೇ ಕಾಣಬಹುದು. ‘ಅಝಿಫಾ’ ತಣ್ಣನೆಯ ಹಸಿರು ಮಸೂರ್. ಅರೆದ ಸಾಸಿವೆ ಮೂಗಿಗೆ ಏರುತ್ತದೆ, ನಮ್ಮ ಸಾಸಿವೆ ತಿಂದವರಿಗೆ ಹೊಸದಲ್ಲ. ‘ಸುಫ್ ಫಿತ್‌ಫಿತ್’ ಎಂದರೆ ಕುಸುಬೆ ಬೀಜ ಅರೆದು ಸೋಸಿದ ಹಾಲಿನಲ್ಲಿ ಇಂಜೆರಾ ಚೂರು ನೆನೆಸಿದ್ದು. ಕುಸುಬಿ ಹಾಲಿನ ಹುಗ್ಗಿ ಉಂಡ ಉತ್ತರ ಕರ್ನಾಟಕದವರು ವಾಸನೆಯಲ್ಲೇ ಗುರುತು ಹಿಡಿಯುತ್ತಾರೆ, ಆದರೆ ಇಲ್ಲಿ ಬೆಲ್ಲವಿಲ್ಲ. ಉಪವಾಸದ ಅಡುಗೆಗೆ ಮೊದಲಿಂದ ಬಳಸುತ್ತಿದ್ದ ‘ನೂಗ್’ ಎಣ್ಣೆ ನಮ್ಮ ಹುಚ್ಚೆಳ್ಳಿನದೇ. ಗುರೆಳ್ಳು ಚಟ್ನಿಪುಡಿಯ ಆ ಬೆಳೆಯ ತವರು ಇಥಿಯೋಪಿಯಾ.

ಪ್ರಮಾಣ: ಇಬ್ಬರಿಗೆ ಒಂದು ಬೆಯಾಯ್ನೆತು, ಒಂದು ಶಿರೋ ಸಾಕು. ತಟ್ಟೆಗೆ ಹಾಸಿದ ಒಂದು ಇಂಜೆರಾ ಬಿಟ್ಟು ತಲಾ ಒಂದು ಸುರುಳಿ. ಅರ್ಧ ಗಂಟೆಯ ನಂತರ ಹೊಟ್ಟೆ ಕಲ್ಲಾಗುತ್ತದೆ, ಹಗುರ ಕಂಡಿತೆಂದು ಮತ್ತೆ ಮತ್ತೆ ಕೇಳಬಾರದು. ಹೊಟ್ಟೆಯಲ್ಲಿ ಜಾಗ ಉಳಿಸುವುದಾದರೆ ತಟ್ಟೆಗೆ ಹಾಸಿದ ಇಂಜೆರಾಕ್ಕೆ ಉಳಿಸಿ. ಎಲ್ಲ ರಸ ಕುಡಿದು ಮೆತ್ತಗಾದ ಆ ತಳವೇ ಊಟದ ಸಾರ. ಹಲವರು ಅದನ್ನು ಬಾಳೆಲೆ ಎಂದುಕೊಂಡು ಬಿಟ್ಟೇಳುತ್ತಾರೆ.

ಮಾಂಸಾಹಾರಿಗಳಿಗೆ ಒಂದೇ ಎಚ್ಚರಿಕೆ. ‘ಕಿತ್‌ಫೊ’ ಹೇಳಿದರೆ ಬರುವುದು ಕೊಚ್ಚಿದ ಹಸಿ ದನದ ಮಾಂಸ. ‘ಲೆಬ್‌ಲೆಬ್’ ಎಂದರೆ ಅರೆಬೆಂದದ್ದು, ‘ಯೆಬೆಸೆಲೆ’ ಎಂದರೆ ಪೂರ್ತಿ ಬೆಂದದ್ದು. ಹಸಿ ಮಾಂಸದಿಂದ ಲಾಡಿಹುಳ ಬರುವುದು ಇಲ್ಲಿ ಹಳೆಯ ಸಂಗತಿ; ‘ಕೊಸ್ಸೊ’ ಮರದ ಹೂವನ್ನು ಅದಕ್ಕೇ ಔಷಧಿಯಾಗಿ ಕುಡಿಯುತ್ತಿದ್ದರು. ಮೊದಲ ಸಲಕ್ಕೆ ಯೆಬೆಸೆಲೆ ಎನ್ನಿ.

ಕಾಫಿಗೆ ಒಂದು ಗಂಟೆ ತೆಗೆದಿಡಿ. ಹಸಿ ಬೀಜ ತೊಳೆದು, ನಿಮ್ಮೆದುರೇ ಹುರಿದು, ಹೊಗೆಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿದು, ಪುಡಿಮಾಡಿ ‘ಜೆಬೆನಾ’ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಜೊತೆಗೆ ಧೂಪ, ಹುರಿದ ಮೆಕ್ಕೆಜೋಳದ ಅರಳು. ಹಾಲಿಲ್ಲ. ಒಂದೇ ಪುಡಿಗೆ ನೀರು ಸೇರಿಸುತ್ತಾ ಮೂರು ಸುತ್ತು: ಅಬೋಲ್, ತೋನಾ, ಬೆರೆಕಾ. ಫಿಲ್ಟರ್ ಕಾಫಿಯವರಿಗೆ ಮೊದಲ ಸುತ್ತು ಕಟು, ಎರಡನೆಯದು ಹದ, ಮೂರನೆಯದು ನೀರು ನೀರು. ಆದರೆ ಬೆರೆಕಾ ಎಂದರೆ ಆಶೀರ್ವಾದ, ಅದನ್ನು ಕುಡಿಯದೆ ಏಳುವುದು ಸರಿಯಲ್ಲ. ಬಟ್ಟಲಿನ ತಳದ ಕೊನೆಯ ಗುಟುಕು ಮಾತ್ರ ಬಿಡಿ, ಅದರಲ್ಲಿ ಗಸಿ ಇರುತ್ತದೆ.