ಗೂಡು ಬೇಯಿಸುವ ಕೈಗೆ ಹಾಜರಿ ಮೆಷಿನ್: ನನ್ನ ಅನುಭವ

ಹಾಜರಿ ಮೆಷಿನ್ ಹಾಕುವವರಿಗೆಲ್ಲ ಗೊತ್ತು, ರೇಷ್ಮೆ ಬಿಚ್ಚಾಣಿಕೆ ಘಟಕದಿಂದ ಕರೆ ಬಂದರೆ ನಾವು ಫೋನ್ ಎತ್ತಲು ಹಿಂದೆಮುಂದೆ ನೋಡುತ್ತೇವೆ. ಶಿಡ್ಲಘಟ್ಟ ಇರಲಿ, ರಾಮನಗರ ಇರಲಿ, ಕತೆ ಒಂದೇ. ಮೆಷಿನ್ ಕೂರಿಸಿ ಬಂದ ವಾರದೊಳಗೆ ‘ಬೆರಳು ತಗೊಳ್ತಾ ಇಲ್ಲ’ ಅಂತ ಶುರುವಾಗುತ್ತದೆ. ತಿಂಗಳಾದ ಮೇಲೆ ಅದು ಮೂಲೆ ಸೇರುತ್ತದೆ. ಮೇಸ್ತ್ರಿ ಮತ್ತೆ ಹಾಜರಿ ಪುಸ್ತಕ ತೆಗೆಯುತ್ತಾನೆ, ಬಟವಾಡೆ ದಿನ ಮತ್ತೆ ಜಗಳ.

ಶಿಡ್ಲಘಟ್ಟದ ಒಂದು ಘಟಕದಲ್ಲಿ ನಾನು ಹಾಕಿದ ಮೆಷಿನ್ ವರ್ಷದ ಮೇಲಾದರೂ ನಡೆಯುತ್ತಿದೆ. ಎರಡು ಪಾಳಿ ಸೇರಿ ಐವತ್ತು ಚಿಲ್ಲರೆ ಜನ ದಿನಾ ಅದರಲ್ಲೇ ಹಾಜರಿ ಹಾಕುತ್ತಾರೆ. ಅದು ನೋಡುವುದು ಬೆರಳಚ್ಚನ್ನಲ್ಲ, ಬೆರಳಿನ ಒಳಗಿನ ನರವನ್ನು, ಅಂದರೆ ರಕ್ತನಾಳವನ್ನು. ‘ಅದೆಲ್ಲ ಜಪಾನಿನವರು ಮಾಡೋದು, ನಿನ್ನ ಕೈಲಾಗಲ್ಲ’ ಅಂದವರು ಈಗ ಪಾರ್ಟ್ಸ್ ಪಟ್ಟಿ ಕಳಿಸು ಅನ್ನುತ್ತಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬೆರಳಚ್ಚಿನ ಮೇಲೆ ಹೋದ ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಬೆಳಕಿನಿಂದ ಗೆರೆ ನೋಡುವ ಆಪ್ಟಿಕಲ್ ಸೆನ್ಸರ್ ಆರ್307 ಹಾಕಿದೆ, ವಿದ್ಯುತ್ತಿನಿಂದ ಗೆರೆ ಗುರುತಿಸುವ ಕೆಪಾಸಿಟಿವ್ ಹಾಕಿದೆ, ಆಮೇಲೆ 500 ಡಿಪಿಐನ ಒಳ್ಳೆಯ ಯುಎಸ್‌ಬಿ ಸ್ಕ್ಯಾನರ್ ಕೂಡ ತಂದೆ. ಪೆಟ್ರೋಲ್, ಬಸ್ಸು, ಊಟ ಸೇರಿ ಹತ್ತಿರ ಹತ್ತಿರ 40 ಸಾವಿರ ಹೋಯಿತು. ಬಿಸಿನೀರಿನ ಬೇಸಿನ್‌ನಲ್ಲಿ ದಿನವಿಡೀ ಗೂಡಿನಿಂದ ಎಳೆಯ ತುದಿ ಹಿಡಿಯುವ ಬೆರಳು ಅದು. ಗೆರೆ ಸವೆದಿರುತ್ತದೆ, ಚರ್ಮ ನೆನೆದು ಸುಕ್ಕಾಗಿರುತ್ತದೆ. ಒದ್ದೆ ಬೆರಳಿಟ್ಟರೆ ಗೆರೆಗಳ ನಡುವಿನ ಸಂದೆಲ್ಲ ನೀರು ತುಂಬಿ ಆಪ್ಟಿಕಲ್‌ನಲ್ಲಿ ಬರೀ ಕಪ್ಪು ಮಸಿ ಕಾಣುತ್ತದೆ. ಕೆಪಾಸಿಟಿವ್‌ಗೆ ನೀರು ಕಂಡರೇ ಆಗುವುದಿಲ್ಲ. ಟವೆಲ್ ನೇತುಹಾಕಿದೆ. ಅದು ಮಧ್ಯಾಹ್ನದೊಳಗೇ ಒದ್ದೆ!

ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿಗೆ ತಂದು ಎನ್‌ಬಿಐಎಸ್ ಅನ್ನುವ ಬೆರಳಚ್ಚು ಪರೀಕ್ಷಿಸುವ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿದೆ. ಸಂಜೆ ತೆಗೆದ ಚಿತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗುಣಮಟ್ಟದ ಅಂಕ ಎನ್‌ಎಫ್‌ಐಕ್ಯೂ 4, 5 (1 ಅಂದರೆ ಒಳ್ಳೆಯದು, 5 ಅಂದರೆ ತೀರಾ ಕೆಟ್ಟದ್ದು). ಎರಡು ಚಿತ್ರ ಎಷ್ಟು ಹೊಂದುತ್ತವೆ ಅಂತ ಹೇಳುವ ಬೊಜೋರ್ತ್ ಸ್ಕೋರ್ 40 ದಾಟಿದರೆ ಅದೇ ಬೆರಳು ಅಂತ ನಂಬುತ್ತೇವಲ್ಲ, ಇಲ್ಲಿ ಹದಿನೈದು ಇಪ್ಪತ್ತಕ್ಕೇ ಕಾಲು ಮುರಿದುಕೊಂಡು ಬೀಳುತ್ತಿತ್ತು. ಬೇರೆ ಬೇರೆ ಬೆರಳು ನೋಂದಾಯಿಸಿದೆ, ಒಬ್ಬರಿಗೇ ನಾಲ್ಕೈದು ಟೆಂಪ್ಲೇಟ್ (ಹೋಲಿಸಲು ಉಳಿಸುವ ಗುರುತಿನ ನಮೂನೆ) ಇಟ್ಟೆ. ಆದರೂ ಸಂಜೆ ನೂರರಲ್ಲಿ ಮೂವತ್ತು ಸಲ ‘ಮತ್ತೆ ಇಡಿ’ ಅನ್ನುತ್ತಿತ್ತು. ಅಲ್ಲಿನ ಹಿರಿಯ ಅಮ್ಮ ಒಬ್ಬರು ಒಂದು ದಿನ ಹೇಳಿದರು, ‘ಅಣ್ಣಾ, ನನ್ನ ಬೆರಳು ಸತ್ತೋಗಿದೆ, ಬಿಟ್ಬಿಡು. ರೇಷನ್ ಅಂಗಡೀಲೂ ಹಿಂಗೇ.’

ಕಾರ್ಡ್ ಕೊಟ್ಟು ನೋಡಬಾರದಿತ್ತಾ ಅಂತ ಕೇಳುತ್ತೀರಿ. ಕೊಟ್ಟಿದ್ದರು. ಒಬ್ಬಳ ಜೇಬಲ್ಲಿ ಮೂವರ ಕಾರ್ಡ್. ಮುಖ ನೋಡುವ ಮೆಷಿನನ್ನೂ ಒಬ್ಬ ಮಾರಾಟಗಾರ ತಂದು ಕೂರಿಸಿದ್ದನಂತೆ. ಬಾಯ್ಲರ್ ಹಬೆಗೆ ಲೆನ್ಸ್ ಮಸುಕಾಗುತ್ತಿತ್ತು. ಬೆಳಗಿನ ಜಾವದ ಪಾಳಿಗೆ ತಲೆಗೆ ಸೆರಗು, ದುಪಟ್ಟಾ ಸುತ್ತಿಕೊಂಡು ಬರುವವರಿಗೆ ದಿನಾ ಬಿಚ್ಚಿ ತೋರಿಸಿ ಅಂದರೆ ಯಾರು ಒಪ್ಪುತ್ತಾರೆ?

ಇನ್ನು ನರದ ಕತೆ. 850 ನ್ಯಾನೋಮೀಟರ್, ಅಂದರೆ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಇನ್ಫ್ರಾರೆಡ್ ಬೆಳಕಿನ ಎಲ್‌ಇಡಿ ಮೇಲಿನಿಂದ, ನಡುವೆ ಬೆರಳು, ಕೆಳಗೆ ಇನ್ಫ್ರಾರೆಡ್ಡನ್ನೂ ನೋಡುವ ನೋಐಆರ್ ಕ್ಯಾಮೆರಾ, ಅದರ ಹಿಂದೆ ರಾಸ್ಪ್‌ಬೆರಿ ಪೈ ಝೀರೋ 2 ಅನ್ನುವ ಪುಟ್ಟ ಕಂಪ್ಯೂಟರ್. ರಕ್ತದ ಹಿಮೋಗ್ಲೋಬಿನ್ ಆ ಬೆಳಕನ್ನು ಹೀರುವುದರಿಂದ ನರ ಕಪ್ಪಾಗಿ ಕಾಣುತ್ತದೆ. ಇದು ನಿಮಗೆಲ್ಲ ಗೊತ್ತೇ ಇದೆ. ಸಾಮಾನ್ಯ ಬೆಳಕು ತಡೆಯಲು ಫಿಲ್ಟರ್ ಬೇಕಲ್ಲ, ಅದಕ್ಕೆ ಸ್ಟುಡಿಯೋದವರ ಹತ್ತಿರ ಹಳೆಯ ಕಲರ್ ನೆಗೆಟಿವ್ ರೋಲಿನ ತುದಿಯ ಕಪ್ಪು ತುಂಡು ಇಸಕೊಂಡೆ. ಖರ್ಚು ಸೊನ್ನೆ. ಕಪ್ಪು ಬಿಳುಪು ರೋಲ್ ತಗೊಳ್ಳಬೇಡಿ, ಅದರಲ್ಲಿರುವ ಬೆಳ್ಳಿ ಇನ್ಫ್ರಾರೆಡ್ಡನ್ನೂ ತಡೆಯುತ್ತದೆ.

ಮೊದಲ ಡಬ್ಬಿ ಮನೆಯಲ್ಲಿ ಚೆನ್ನಾಗಿ ನಡೆಯಿತು. ಘಟಕದಲ್ಲಿ ಕೂರಿಸಿದರೆ ನರವೇ ಕಾಣಲಿಲ್ಲ. ಕಾರಣ ಹುಡುಕಲು ಹದಿನೈದು ದಿನ ಬೇಕಾಯಿತು. ಬೆರಳಚ್ಚಿನ ಮೆಷಿನ್ ಅಭ್ಯಾಸ ಆದವರು ಗಾಜಿನ ಮೇಲೆ ಬೆರಳನ್ನು ಒತ್ತಿ ಹಿಡಿಯುತ್ತಾರೆ. ‘ತಗೊಳ್ಳಲ್ಲ’ ಅಂದರೆ ಇನ್ನೂ ಜೋರಾಗಿ ಒತ್ತುತ್ತಾರೆ. ಒತ್ತಿದರೆ ನರದ ರಕ್ತ ಪಕ್ಕಕ್ಕೆ ಸರಿದು ನರವೇ ಮಾಯ. ಹೇಳಿ ತಿದ್ದಲು ನೋಡಿದೆ, ಆಗುವ ಮಾತಲ್ಲ. ಕೊನೆಗೆ ಗಾಜನ್ನೇ ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿಸಿದೆ. ಬೆರಳಿನ ಬುಡ, ತುದಿ ಎರಡೇ ಕಡೆ ಆಧಾರ, ನಡುವೆ ಖಾಲಿ. ಒತ್ತಬೇಕು ಅಂದರೂ ಒತ್ತುವುದಕ್ಕೆ ಏನೂ ಇಲ್ಲ. ತುದಿಯ ಹತ್ತಿರ ಸಣ್ಣ ಗುಂಡಿ ಇಟ್ಟೆ, ಬೆರಳು ತಾಗಿದಾಗಲೇ ಫೋಟೋ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಕ್ಕಾಲು ಪಾಲು ಗೆಲುವು ಬೆರಳು ಕೂರುವ ಈ ತೊಟ್ಟಿಲಿನದೇ, ಸಾಫ್ಟ್‌ವೇರಿನದಲ್ಲ. ತೊಟ್ಟಿಲಿನ ಅಳತೆಯನ್ನು ಮಾತ್ರ ಕೇಳಬೇಡಿ, ಅದನ್ನು ನಾನು ಕೊಡುವುದಿಲ್ಲ.

ಆಮೇಲೆ ಬಿಸಿಲು. ಸಂಜೆ ನಾಲ್ಕರ ಸುಮಾರಿಗೆ ಮಾತ್ರ ಚಿತ್ರ ಬೆಳ್ಳಗೆ ಹೊಡೆದುಹೋಗುತ್ತಿತ್ತು. ಪಡುವಣ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಬಿಸಿಲಲ್ಲೂ ಇನ್ಫ್ರಾರೆಡ್ ಇದೆಯಲ್ಲ, ನೆಗೆಟಿವ್ ಅದನ್ನು ತಡೆಯದು. ತಗಡಿನ ಮುಚ್ಚಳ ಹಾಕಿಸಿದೆ, 150 ರೂಪಾಯಿ. ಗಾಜಿನ ಮೇಲೆ ಹಬೆ ಕೂರುವುದಕ್ಕೆ ಅಂಚಿನಲ್ಲಿ ಎರಡು ರೆಸಿಸ್ಟರ್ ಅಂಟಿಸಿ ಗಾಜನ್ನು ಸ್ವಲ್ಪ ಬೆಚ್ಚಗಿಟ್ಟೆ. ಹಬೆ ಹೋಯಿತು.

ಚಳಿ ಇದಕ್ಕಿಂತ ಕಾಟ ಕೊಟ್ಟಿತು. ಡಿಸೆಂಬರ್ ಬೆಳಗ್ಗೆ ಸೈಕಲ್ ತುಳಿದು ಬಂದವರ ಕೈ ಮಂಜಿನಂತಿರುತ್ತದೆ, ನರ ಸಣ್ಣಗಾಗಿ ಅರ್ಧ ಗೆರೆ ಕಾಣುವುದೇ ಇಲ್ಲ. ಅದೇ ಜನ ಎರಡು ಗಂಟೆ ಬೇಸಿನ್ ಮುಂದೆ ಕೂತ ಮೇಲೆ ನೋಡಿ, ನರ ಉಬ್ಬಿ ಎಷ್ಟು ಸ್ಪಷ್ಟ ಅಂದರೆ ಪುಸ್ತಕದಲ್ಲಿ ಹಾಕಬಹುದು. ಬೆರಳಚ್ಚನ್ನು ಕೆಡಿಸುತ್ತಿದ್ದ ಬಿಸಿನೀರೇ ಇಲ್ಲಿ ನನ್ನ ಕೆಲಸಕ್ಕೆ ಬಂತು. ಹಾಗಾಗಿ ಮೆಷಿನನ್ನು ಗೇಟಿನಿಂದ ತೆಗೆದು ಒಳಗೆ ಬೇಸಿನ್ ಸಾಲಿನ ಪಕ್ಕ ಹಾಕಿದೆ. ಕೈ ಅದ್ದಿ, ಒರೆಸಿ, ಬೆರಳಿಡುವುದು. ನೋಂದಣಿಯನ್ನೂ ಎರಡು ಹೊತ್ತು ಮಾಡಿದೆ, ತಣ್ಣನೆ ಕೈಗೆ ಒಮ್ಮೆ, ಬಿಸಿ ಕೈಗೆ ಒಮ್ಮೆ. ಗೇಟಲ್ಲೇ ಇರಬೇಕು ಅಂತ ಮಾಲೀಕರು ಮೊದಲು ಹಟ ಹಿಡಿದರು. ಎರಡೂ ಕಡೆಯ ಲೆಕ್ಕ ತೋರಿಸಿದ ಮೇಲೆ ಸುಮ್ಮನಾದರು.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರದಿಂದ ನರದ ಗೆರೆ ಹೆಕ್ಕಲು ಮಿಯುರಾ ಅವರ ಮ್ಯಾಕ್ಸಿಮಮ್ ಕರ್ವೇಚರ್ ವಿಧಾನ ಸಾಕು. ಡೀಪ್ ಲರ್ನಿಂಗ್ ಹಾಕು ಅಂತ ಕಾಲೇಜಿನ ಹುಡುಗರು ಗಂಟು ಬಿದ್ದರು. ಐವತ್ತು ಜನಕ್ಕೆ ಯಾಕೆ? ಪ್ರತಿ ಎಲ್‌ಇಡಿಯ ಬೆಳಕನ್ನು ಬೇರೆ ಬೇರೆ ಹೊಂದಿಸುವುದು ಅದಕ್ಕಿಂತ ಮುಖ್ಯ, ಕೀಲಿನ ಹತ್ತಿರ ಬೆಳಕು ಜಾಸ್ತಿ ದಾಟುತ್ತದೆ. ಹೊಂದಿಸುವ ಲೆಕ್ಕ ನನ್ನ ಹತ್ತಿರವೇ ಇರಲಿ.

ನಡುವೆ ಒಂದಿಷ್ಟು ತರಲೆ ಪ್ರಯೋಗಗಳನ್ನೂ ಮಾಡಿದೆ. 2002ರಲ್ಲಿ ಜಪಾನಿನ ಮತ್ಸುಮೊಟೊ ತಂಡ ಜೆಲಾಟಿನ್ ಬೆರಳು ಮಾಡಿ ಸೆನ್ಸರ್‌ಗಳನ್ನು ಮೋಸ ಮಾಡಿತ್ತಲ್ಲ, ಅದನ್ನು ಎಂ-ಸೀಲ್ ಅಚ್ಚಿನಲ್ಲಿ ನಾನೂ ಮಾಡಿದೆ. ನನ್ನ ಆಪ್ಟಿಕಲ್ ಸೆನ್ಸರ್ ಮರುಮಾತಿಲ್ಲದೆ ಒಪ್ಪಿಕೊಂಡಿತು. ನರದ ಡಬ್ಬಿ ಒಪ್ಪಲಿಲ್ಲ. ಆದರೆ ನರಕ್ಕೂ ಮೋಸ ಇದೆ, 2014ರಲ್ಲಿ ಸ್ವಿಟ್ಜರ್ಲೆಂಡಿನ ಇಡಿಯಾಪ್ ಸಂಶೋಧನಾ ಸಂಸ್ಥೆಯವರು ಕಾಗದದ ಮೇಲೆ ಮುದ್ರಿಸಿದ ನರದಿಂದಲೇ ಮೆಷಿನ್ ದಾಟಿ ತೋರಿಸಿದ್ದರು. ಮೆಹಂದಿ ಹಚ್ಚಿದ ಕೈಗೂ ಪರೀಕ್ಷೆ ಮಾಡಿದೆ, ರಂಜಾನ್ ಹೊತ್ತಿಗೆ ಅದು ಮುಖ್ಯ. ತೊಂದರೆ ಏನೂ ಕಾಣಲಿಲ್ಲ.

ಈಗಿನ ಲೆಕ್ಕ: ಮೊದಲ ಸಲಕ್ಕೇ ಬೇಡ ಅನ್ನುವುದು ನೂರಕ್ಕೆ ಎರಡೋ ಮೂರೋ. ಎರಡನೇ ಸಲಕ್ಕೆ ಹೆಚ್ಚುಕಡಿಮೆ ಎಲ್ಲರೂ ಪಾಸ್. ಒಬ್ಬರ ಬದಲು ಇನ್ನೊಬ್ಬರನ್ನು ಒಪ್ಪಿದ್ದು ಇಲ್ಲಿಯವರೆಗೆ ಇಲ್ಲ. ಆದರೆ ಐವತ್ತು ಜನರಲ್ಲಿ ಸೊನ್ನೆ ಬಂತು ಅಂತ ಹಿಗ್ಗುವ ಹಾಗಿಲ್ಲ. ಅದಕ್ಕೇ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಯುಟಿಎಫ್‌ವಿಪಿ ಅನ್ನುವ ಬೆರಳಿನ ನರದ ಚಿತ್ರಸಂಗ್ರಹ, ಅಂದರೆ 60 ಜನರ 1440 ಚಿತ್ರಗಳ ಮೇಲೂ ಓಡಿಸಿ ನೋಡಿ ಕಡಿತದ ಸ್ಕೋರ್ (ಅದಕ್ಕಿಂತ ಕಡಿಮೆ ಬಂದರೆ ಒಪ್ಪಬಾರದು ಅನ್ನುವ ಗಡಿ) ಇಟ್ಟೆ.

ಆಧಾರ್‌ಗೂ ಇದಕ್ಕೂ ಸಂಬಂಧ ಇಲ್ಲ. ಫೋಟೋ ಉಳಿಸುವುದಿಲ್ಲ, ಟೆಂಪ್ಲೇಟ್ ಮಾತ್ರ ಡಬ್ಬಿಯೊಳಗೆ ಇರುತ್ತದೆ. ಕೆಲಸ ಬಿಟ್ಟವರದನ್ನು ಅವರ ಮುಂದೆಯೇ ಅಳಿಸುತ್ತೇನೆ. ಒಪ್ಪಿಗೆ ಕಾಗದವನ್ನು ಕನ್ನಡ, ಉರ್ದು ಎರಡರಲ್ಲೂ ಓದಿ ಹೇಳಿಸಿದೆ. ಇಬ್ಬರು ಒಪ್ಪಲಿಲ್ಲ, ಅವರಿಗೆ ಪುಸ್ತಕವೇ.

ಪಾರ್ಟ್ಸ್ ಖರ್ಚು ಎಂಟು ಒಂಬತ್ತು ಸಾವಿರದ ಆಸುಪಾಸು. ನಾನು 18 ಸಾವಿರ ಹೇಳುತ್ತೇನೆ. ರಾಮನಗರದ ಒಬ್ಬರು ಹನ್ನೆರಡಕ್ಕೆ ಕೊಡಿ ಅಂತ ಎರಡು ತಿಂಗಳಿಂದ ಚೌಕಾಸಿ ಮಾಡುತ್ತಿದ್ದಾರೆ, ಜೊತೆಗೆ ಮೆಷಿನ್ ಗೇಟಿನಲ್ಲೇ ಇರಬೇಕಂತೆ. ರೇಟಿನಲ್ಲಿ ಸಾವಿರ ಎರಡು ಸಾವಿರ ಬಿಟ್ಟೇನು, ಗೇಟಿಗೆ ಮಾತ್ರ ಹಾಕುವುದಿಲ್ಲ ಅಂದಿದ್ದೇನೆ.